ಅಪ್ಪನ ಪಾಲಿನ ಅರ್ಧ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಅಪ್ಪನ ದನಿ ನಿಂತಿತು.

ಹೊತ್ತು ನನಗೆ ಖಚಿತವಾಗಿ ಗೊತ್ತು, ಆಗಷ್ಟೇ ಮೊಬೈಲು ನೋಡಿದ್ದೆ. ಪುತ್ತೂರು ದರ್ಬೆಯ ಕಚೇರಿಗೆ ನಾನು ಹೋಗಬೇಕಾದ ಬಸ್ಸಿಗೆ ಇನ್ನೂ ಸಮಯವಿತ್ತು. ಡಿಸೆಂಬರಿನ ಚಳಿ, ಮಂಜು. ಕಡಬದಿಂದ ಒಳಗೆ, ಕಾಡಿನ ಅಂಚಿಗೆ ತಾಗಿರುವ ನಮ್ಮ ರಬ್ಬರ್ ಗುಡ್ಡದಲ್ಲಿ ಅಮ್ಮ ತಲೆಗೆ ಟಾರ್ಚು ಕಟ್ಟಿಕೊಂಡು ಮರದಿಂದ ಮರಕ್ಕೆ ಕತ್ತಿ ಹಾಕುತ್ತಾ ಬರುತ್ತಿದ್ದಳು. ನಾನು ಅವಳಿಗಿಂತ ನಾಲ್ಕು ಮರ ಮುಂದೆ ಹೋಗಿ, ಹಳೆಯ ಗಾಯಕ್ಕೆ ಅಂಟಿದ್ದ ಒಣ ಹಾಲಿನ ಪಟ್ಟಿಯನ್ನು ಕಿತ್ತು ಚೀಲಕ್ಕೆ ತುಂಬುತ್ತಿದ್ದೆ. ಅಪ್ಪ ಗುಡ್ಡ ಕಡಿದು ಮಾಡಿದ ಕೆಳಗಿನ ತಟ್ಟಿನಲ್ಲಿದ್ದ.

ನಮ್ಮ ಮನೆಯಲ್ಲಿ ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗ್ ಎಂದರೆ ಜಪಸರವೂ ಹೌದು. ಅಜ್ಜ ಕೇರಳದಿಂದ ಬಂದು ಈ ಗುಡ್ಡ ಹತ್ತಿದಾಗಿನಿಂದ ನಡೆದು ಬಂದ ಕ್ರಮ ಅದು. ಒಂದು ಮರಕ್ಕೆ ಒಂದು ಸಲ ಯೇಸುವಿನ ಮಾತೆಯ ಪ್ರಾರ್ಥನೆ, ಮಲಯಾಳದಲ್ಲಿ. ಮೊದಲರ್ಧವನ್ನು ಮೇಲಿನ ಸಾಲಿನವರು ಹೇಳಬೇಕು, ಉಳಿದರ್ಧವನ್ನು ಕೆಳಗಿನವರು. ಭಕ್ತಿ ಎಷ್ಟೋ ಎಚ್ಚರವೂ ಅಷ್ಟೇ. ಮಂಜಿನಲ್ಲಿ ಇನ್ನೊಬ್ಬರು ಎಲ್ಲಿದ್ದಾರೆ, ಕಾಲು ಜಾರಿ ಬಿದ್ದಿಲ್ಲ ತಾನೆ ಎಂದು ತಿಳಿಯುವುದು ಆ ದನಿಯಿಂದ. ಮರಣದ ಗಳಿಗೆಯಲ್ಲೂ ನಮಗಾಗಿ ಬೇಡಿಕೋ ಎಂಬ ಮಾತು ಬರುವುದು ಎರಡನೆಯ ಅರ್ಧದಲ್ಲಿ. ಅದು ಅಪ್ಪನ ಪಾಲು.

ಕೆಳಗಿನ ಮನೆಯ ಗೌಡರಿಗೂ ಇದು ಅಭ್ಯಾಸವಾಗಿತ್ತು. ಸುಳ್ಯದ ಕಡೆಯಿಂದ ಬಂದವರು, ಮನೆಯೊಳಗೆ ಅರೆಭಾಷೆ. "ಚೇಟಾ, ನಿಮ್ಮ ಜಪ ಕೇಳಿಯೇ ನನ್ನ ಹೆಂಡತಿ ದೋಸೆಕಾವಲಿ ಇಡುದು. ನೀವು ರಜೆ ಮಾಡಿದ್ರೆ ನಮಗೆ ಉಪವಾಸ ಮಾರಾಯ್ರೆ" ಎಂದು ಅಪ್ಪನನ್ನು ಮಲಯಾಳದಲ್ಲೇ ಅಣ್ಣನೆಂದು ಕರೆದು ಹೇಳುತ್ತಿದ್ದರು.

ಆ ದಿನ ಅಮ್ಮ ತನ್ನ ಅರ್ಧ ಹೇಳಿದಳು. ಕೆಳಗಿನಿಂದ ಉತ್ತರ ಬರಲಿಲ್ಲ.

"ಓ ಮನುಷ್ಯಾ, ನಿದ್ದೆ ಬಂತಾ? ಅರ್ಧ ಎಲ್ಲಿ?" ಎಂದು ಕೂಗಿ ಅಮ್ಮ ನಕ್ಕಳು. ಇನ್ನೊಮ್ಮೆ ಹೇಳಿದಳು, ಜೋರಾಗಿ.

ನಾನು ತಿರುಗಿ ನೋಡಿದೆ. ಅಮ್ಮನ ಹಿಂದೆ, ಸಾಲಿನ ನಡುವೆ, ಇರಬಾರದ ಜಾಗದಲ್ಲಿ ಒಂದು ಮರ ಇತ್ತು. ಅದರ ಕಿವಿ ಅಲುಗಿತು. ಅಮ್ಮನ ಕಣ್ಣು ಟಾರ್ಚಿನ ಬೆಳಕು ಬಿದ್ದ ಕತ್ತಿಯ ಮೇಲಿತ್ತು.

ಆಗ ಕೆಳಗಿನಿಂದ ಅಪ್ಪನ ಅರ್ಧ ಬಂತು; ನಮಗಿಂತ ಮೊದಲೇ ಅವನು ಅದನ್ನು ಕಂಡಿದ್ದ. ಪ್ರಾರ್ಥನೆಯನ್ನು ಹಾಗೆ ಕಿರುಚಿದ್ದನ್ನು ನಾನು ಕೇಳಿರಲಿಲ್ಲ. ಒಂದು ಪದವನ್ನೂ ಬಿಡದೆ ಹೇಳಿದ, ಮುಗಿದ ಕೂಡಲೇ ಮತ್ತೆ ಮೊದಲಿಟ್ಟ. ಆನೆ ಆ ದನಿಯ ಕಡೆಗೆ ತಿರುಗಿತು. ಹಾಲು ಹಿಡಿಯಲು ಮರಗಳಿಗೆ ಕಟ್ಟಿದ್ದ ತೆಂಗಿನ ಗೆರಟೆಗಳು ಪಟಪಟನೆ ಒಡೆದವು. ಕಿರುಚಾಟ ಕೆಳಗೆ ಹರಿಯುವ ತೋಡಿನ ಕಡೆಗೆ ದೂರ ದೂರ ಹೋಯಿತು. ಆಮೇಲೆ ಒಂದು ಪದದ ನಡುವೆ ತುಂಡಾಯಿತು.

ಓಡುವಾಗ ಅಪ್ಪ ತಟ್ಟಿನ ಅಂಚಿನಿಂದ ಕೆಳಗೆ ಬಿದ್ದಿದ್ದ. ಆನೆ ಅಂಚಿನಲ್ಲೇ ನಿಂತು ಸ್ವಲ್ಪ ಹೊತ್ತು ಮೂಸಿ ನೋಡಿತಂತೆ, ನಂತರ ಕಾಡಿಗೆ ಮರಳಿತು. ಗೌಡರ ಜೀಪಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ಹೊರಟೆವು. ಸೊಂಟದ ಎಲುಬು ಮುರಿದಿತ್ತು. ಸವಣೂರು ದಾಟುವಾಗ ಗೌಡರು ಕಣ್ಣೊರೆಸುತ್ತಾ, "ಆನೆಗೆ ಜಪ ಕಲಿಸ್ಲಿಕ್ಕೆ ಹೋದದ್ದಾ ಚೇಟಾ?" ಎಂದರು.

"ಅದು ಕಲೀಲಿಲ್ಲ," ಎಂದ ಅಪ್ಪ, ಹಲ್ಲು ಕಚ್ಚಿಕೊಂಡು.

ತಮಾಷೆ ಉಳಿಯಿತು, ಪ್ರಾರ್ಥನೆ ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದ ಸಂಜೆ ಅಮ್ಮ ಯೇಸುವಿನ ಪಟದ ಮುಂದೆ ದೀಪ ಹಚ್ಚಿ ಜಪಸರ ಹಿಡಿದಳು. ತನ್ನ ಅರ್ಧ ಹೇಳಿದಳು. ಮಂಚದಲ್ಲಿದ್ದ ಅಪ್ಪ ತುಟಿ ತೆರೆದು, ಮುಚ್ಚಿ, ಗೋಡೆಯ ಕಡೆ ಮುಖ ಮಾಡಿದ. "ಆ ಮಾತು ಬಾಯಿಗೆ ಬಂದ್ರೆ ಆನೆ ನನ್ನ ಕಡೆ ತಿರುಗಿದ್ದೇ ಕಾಣುದು," ಎಂದ. ಬಿಟ್ಟ ಜಾಗ ತುಂಬಲು ನಾನು ಹೊರಟೆ. ಅಮ್ಮ ಕೈಯೆತ್ತಿ ತಡೆದಳು.

"ಅದು ನಿನ್ನದಲ್ಲ. ಅವರದ್ದು. ಇರ್ಲಿ."

ಅಂದಿನಿಂದ ನಮ್ಮ ಸಂಜೆಯ ಪ್ರಾರ್ಥನೆ ಹಾಗೆಯೇ ನಡೆಯಿತು. ಅಮ್ಮ ತನ್ನ ಅರ್ಧ ಹೇಳಿ, ಅಪ್ಪನಿಗೆ ಎಷ್ಟು ಹೊತ್ತು ಬೇಕಾಗುತ್ತಿತ್ತೋ ಅಷ್ಟು ಹೊತ್ತು ಸುಮ್ಮನಿದ್ದು, ಮುಂದಿನ ಮಣಿಗೆ ಹೋಗುತ್ತಿದ್ದಳು. ಆ ಮೌನದಲ್ಲಿ ಗೌಡರ ನಾಯಿ ಬೊಗಳುವುದು, ಒಲೆಯಲ್ಲಿ ಗಂಜಿ ಕುದಿಯುವುದು ಕೇಳುತ್ತಿತ್ತು. ರಾತ್ರಿ ತೆಂಗಿನ ಮಡಲು ಬಿದ್ದರೂ ಮೂವರೂ ಎದ್ದು ಕೂರುತ್ತಿದ್ದೆವು. ಟ್ಯಾಪಿಂಗ್ ನಿಂತೇ ಹೋಗಿತ್ತು. ಗಾಯಗಳು ಒಣಗಿ, ಗೆರಟೆಗಳಲ್ಲಿ ಎಲೆ ತುಂಬಿತು.

ಬಸ್ಸಿನಲ್ಲಿ ಕಿಟಕಿಗೆ ಒರಗಿದರೆ ಸಾಕು, ಆ ಕಿವಿ ಮತ್ತೆ ಅಲುಗುತ್ತಿತ್ತು. ಎಷ್ಟೋ ಸಲ ಸವಣೂರು ಪೇಟೆಯಲ್ಲಿ ಬಸ್ಸು ನಿಂತಾಗ ನನಗರಿವಿಲ್ಲದೆ ಅಮ್ಮನ ಅರ್ಧ ಹೇಳಿ ಮುಗಿಸಿ ಕಾಯುತ್ತಿರುತ್ತಿದ್ದೆ. ಕಾಲೇಜಿನಲ್ಲಿದ್ದಾಗ ಈ ಜಪವನ್ನು ಬರೀ ಗಿಣಿಪಾಠ ಎಂದುಕೊಂಡಿದ್ದವಳು ನಾನು. ಈಗ ಮಂಜಿನೊಳಗಿಂದ ಬರುತ್ತಿದ್ದ ಆ ಒರಟು ದನಿಗಾಗಿ ಕಿವಿಗೊಟ್ಟು ಕೂರುತ್ತಿದ್ದೆ. ದೇವರು ಇದ್ದಾನೆ ಎಂದು ಚಿಕ್ಕಂದಿನಲ್ಲಿ ನನಗೆ ತಿಳಿದದ್ದೇ ಆ ದನಿಯಿಂದ. ಯಾರೋ ಇದ್ದಾರೆ, ಕಾಣುವುದಿಲ್ಲ, ಆದರೆ ಕರೆದರೆ ಓಗೊಡುತ್ತಾರೆ.

ಒಂದು ದಿನ ಕೇಳಿದೆ, "ಅಮ್ಮ, ಅಪ್ಪ ಇನ್ನು ಹೇಳದೇ ಇದ್ರೆ?"

"ನಾನು ಹೇಳ್ತಾ ಇರ್ತೇನೆ. ಅವರು ಕೇಳ್ತಾ ಇದ್ದಾರಲ್ಲ," ಎಂದಳು.

ರಬ್ಬರ್ ಎಲೆ ಉದುರಿತು. ಈಸ್ಟರಿನ ಮುಂಚಿನ ಉಪವಾಸದ ನೋಂಬು ಕೊನೆಗೆ ಬರುವಷ್ಟರಲ್ಲಿ ತಾಮ್ರದ ಬಣ್ಣದ ಚಿಗುರು ಬಂತು. ಅಮ್ಮನಿಗೆ ಶೀತವಾಗಿ ಗಂಟಲು ಕಟ್ಟಿತ್ತು. ಆದರೂ ಸಂಜೆ ಜಪಕ್ಕೆ ಕೂತಳು. ಎರಡನೇ ಮಣಿಗೆ ಬರುವಾಗ ದನಿ ಹೊರಡಲಿಲ್ಲ. ಮಾತು ನಡುವಿನಲ್ಲೇ ನಿಂತಿತು. ಅವಳು ಕೆಮ್ಮಿದಳು, ಮತ್ತೆ ಯತ್ನಿಸಿದಳು, ಆಗಲಿಲ್ಲ.

ಮಂಚದಿಂದ ಅಪ್ಪ ಅದನ್ನು ಎತ್ತಿಕೊಂಡ. ಅಮ್ಮನ ಅರ್ಧವನ್ನು, ಅವಳು ನಿಲ್ಲಿಸಿದ ಪದದಿಂದ. ಆ ಅರ್ಧದಲ್ಲಿ ಮರಣದ ಮಾತಿಲ್ಲ, ಬರೀ ನಮಸ್ಕಾರ. ಹೇಳಿ ಮುಗಿಸಿದ. ಈಗ ಕಾಯುವ ಸರದಿ ಅವನದು.

ಅಮ್ಮ ಪಿಸುದನಿಯಲ್ಲಿ ಅವನ ಅರ್ಧ ಹೇಳಿದಳು, ಈಗಲೂ, ಮರಣದ ಗಳಿಗೆಯಲ್ಲೂ. ಅಪ್ಪ ಮುಂದಿನ ಮಣಿ ಶುರು ಮಾಡಿದ. ಹೀಗೆ ಅದಲುಬದಲಾಗಿಯೇ ಜಪಸರ ಕೊನೆಮುಟ್ಟಿತು. ನಾನು ಮುಖಕ್ಕೆ ಸೆರಗು ಒತ್ತಿಕೊಂಡು ಕೂತಿದ್ದೆ.

"ಗಂಜಿ ಸೀದು ಹೋಯ್ತಾ ಅಂತ ನೋಡು," ಎಂದ ಅಪ್ಪ ನನಗೆ. ಸೀದಿತ್ತು. ಅದನ್ನೇ ಉಂಡೆವು.

ರಾತ್ರಿ ಒಮ್ಮೆಯೂ ಏಳದೆ, ಮಾರನೆಯ ದಿನ ಕಣ್ಣುಬಿಟ್ಟಾಗ ಬಿಸಿಲು ಕಿಟಕಿ ದಾಟಿ ಚಾಪೆಗೆ ಬಂದಿತ್ತು. ಕಡಬದ ಬಸ್ಸು ಹೋಗಿಯಾಗಿತ್ತು. ಪಕ್ಕದಲ್ಲಿ ಅಮ್ಮ ಬಾಯಿ ತೆರೆದು ನಿದ್ರಿಸುತ್ತಿದ್ದಳು. ಅಂಗಳದಲ್ಲಿ ಗೌಡರು ಬಾಗಿಲು ಬಡಿಯುತ್ತಿದ್ದರು.

"ಎಂತ ಚೇಟಾ, ನಿಮ್ಮ ದನ ಕೂಗ್ತಾ ಉಂಟು, ಒಬ್ಬರದ್ದೂ ಸದ್ದಿಲ್ಲ! ಎಲ್ಲ ಸತ್ತಿದ್ದೀರಾ ಹೇಗೆ?"

ಒಳಗಿನಿಂದ ಅಪ್ಪ, ಗುಡ್ಡದ ಮೇಲಿನವರಿಗೂ ಕೇಳುವ ಹಾಗೆ, ಓಗೊಟ್ಟ:

"ಇಲ್ಲ ಮಾರಾಯ್ರೆ! ನಿದ್ದೆ ಮಾಡಿದ್ದು!"