ವರಲಕ್ಷ್ಮಿಯವರ ಹಸಿರು ಗೆರೆ

ಗೋವಿಂದರಾಜನಗರಕ್ಕೆ ಹಾಲಿನ ಗಾಡಿ ಇನ್ನೂ ಬಂದಿಲ್ಲ. ಮನೆಯ ಮುಂಗೋಣೆಯನ್ನೇ ರಿಪೇರಿ ಅಂಗಡಿ ಮಾಡಿಕೊಂಡಿರುವ ವರಲಕ್ಷ್ಮಿ ಆಗಲೇ ಮೇಜಿನ ಮುಂದೆ ಕೂತಿದ್ದಾರೆ. ಎದುರಿಗೆ ಬಿಚ್ಚಿಟ್ಟಿರುವುದು ಪಕ್ಕದ ಬೀದಿಯ ಮುನಿರಾಮಯ್ಯನವರ ಆಕ್ಸಿಜನ್ ಯಂತ್ರ. ನಡುನಡುವೆ ತಾನಾಗಿಯೇ ನಿಂತುಬಿಡುತ್ತಿದೆಯಂತೆ. ಅವರೀಗ ಮನೆಯಲ್ಲಿ ಸಿಲಿಂಡರ್ ನೆಚ್ಚಿಕೊಂಡು ಉಸಿರಾಡುತ್ತಿದ್ದಾರೆ, ಅದರ ಮುಳ್ಳು ಕೆಂಪಿನತ್ತ ಜಾರುತ್ತಿದೆ. ಮುನಿರಾಮಯ್ಯನವರ ಸೊಸೆ ಸುಮಾ ಬಾಗಿಲಲ್ಲೇ ನಿಂತಿದ್ದಾರೆ.

"ಆಂಟಿ, ಇನ್ನೊಂದು ಸಿಲಿಂಡರ್ ಮಧ್ಯಾಹ್ನಾನೇ ಬರೋದಂತೆ."

"ಸ್ವಲ್ಪ ಸುಮ್ನಿರು ಕಣಮ್ಮ."

ವರಲಕ್ಷ್ಮಿ ಆಸಿಲೋಸ್ಕೋಪಿನ ಚೂಪು ತುದಿಯ ಪ್ರೋಬನ್ನು ಬೋರ್ಡಿಗೆ ತಾಗಿಸುತ್ತಾರೆ. ಕರೆಂಟಿನ ಏರಿಳಿತವನ್ನು ಹಸಿರು ಗೆರೆಯಾಗಿ ತೋರಿಸುವ ಹಳೇ ಪೆಟ್ಟಿಗೆ ಅದು. ರಾಜಾಜಿನಗರದಲ್ಲಿ ಇವರು ದುಡಿಯುತ್ತಿದ್ದ ಟಿವಿ ಫ್ಯಾಕ್ಟರಿ ಬಾಗಿಲು ಹಾಕಿದಾಗ ಬೇಡಿ ತಂದದ್ದು. "ಯಜಮಾನ್ರು ಹೋದ್ಮೇಲೆ ಮನೆ ನಡೆಸಿದ್ದು ಇದೇ ಸಾರ್" ಎಂದು, ಕೆಲಸ ನೋಡಲು ಬಂದಿರುವ ನನಗೆ ಹೇಳುತ್ತಾರೆ. ದಿನಕ್ಕೆ ನಾಲ್ಕೈದು ಬೋರ್ಡು ಬರುತ್ತವೆ. ಹೆಚ್ಚಿನವು ಯುಪಿಎಸ್ಸು, ಇಂಡಕ್ಷನ್ ಒಲೆ. ಕೆಟ್ಟರೆ ಯಾರ ಜೀವವೂ ಹೋಗುವುದಿಲ್ಲ.

ಗೆರೆ ಮೇಲೇಳುವುದೇ ಇಲ್ಲ. ಹನ್ನೆರಡು ವೋಲ್ಟ್ ಇರಬೇಕಾದಲ್ಲಿ ಬರೀ ಒಂದು ಚಿಲ್ಲರೆ. "ಪವರ್ ಸೆಕ್ಷನ್ನೇ ಹೋಗಿದೆ" ಎಂದು ಬಾಯಿತಪ್ಪಿ ಅಂದುಬಿಡುತ್ತಾರೆ. ಸುಮಾ ಸಿಲಿಂಡರಿನವರಿಗೆ ಮತ್ತೆ ಫೋನ್ ಹಚ್ಚುತ್ತಾರೆ.

"ತಡಿ ತಡಿ. ಬೋರ್ಡಿನ ಲೈಟು ಉರೀತಾ ಇದೆಯಲ್ಲ! ಒಂದು ವೋಲ್ಟಿಗೆ ಹೆಂಗೆ ಉರಿಯುತ್ತೆ?"

ಪ್ರೋಬನ್ನು ತಿರುಗಿಸಿ ನೋಡಿ ಹಣೆ ಚಚ್ಚಿಕೊಳ್ಳುತ್ತಾರೆ. ಅದರ ಪುಟ್ಟ ಸ್ವಿಚ್ಚು 'ಹತ್ತು ಪಟ್ಟು' ತಗ್ಗಿಸುವ ಕಡೆಗಿದೆ, ಅಂದರೆ ಪರದೆಯಲ್ಲಿ ಕಾಣುತ್ತಿರುವುದು ನಿಜದ ಹತ್ತನೇ ಒಂದು ಪಾಲು ಮಾತ್ರ. ಪ್ರತಿದಿನ ಪ್ರೋಬನ್ನು ಮೊದಲು ಪೆಟ್ಟಿಗೆಯ ಸ್ವಂತ ಪರೀಕ್ಷಾ ಪಿನ್ನಿಗೆ ತಾಗಿಸಿ, ಸರಿಯಿದೆಯೆಂದು ಖಾತ್ರಿಯಾದ ಮೇಲೆಯೇ ಇವರ ಕೆಲಸ ಶುರು. ಇವತ್ತು ಅದನ್ನೇ ಬಿಟ್ಟಿದ್ದಾರೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಳ್ಳಲ್ಲ.

ಸ್ವಿಚ್ಚು ಬದಲಾಯಿಸುತ್ತಲೇ ಗೆರೆ ಹನ್ನೆರಡಕ್ಕೆ ಏರುತ್ತದೆ, ಆದರೆ ನಿಲ್ಲದೆ ನಡುಗುತ್ತದೆ. ಏರಿಳಿತ ತಗ್ಗಿಸಬೇಕಾದ ಕೆಪಾಸಿಟರು ಉಬ್ಬಿಕೊಂಡಿದೆ; ಅದನ್ನು ಕಿತ್ತು ಹೊಸದು ಬೆಸೆದಾಗ ಗೆರೆ ನೆಟ್ಟಗಾಗುತ್ತದೆ. ಆಮೇಲೂ ಯಂತ್ರವನ್ನು ಓಡಲು ಬಿಟ್ಟು ಕಣ್ಣು ಮಿಟುಕಿಸದೆ ನೋಡುತ್ತಾರೆ. ಸಾಕೆನಿಸಿದಾಗ ಸುಮಾ ಅದನ್ನು ಆಟೋಗೆ ಹಾಕಿಕೊಂಡು ಹೊರಡುತ್ತಾರೆ.

ಈಗಲಾದರೂ ಸಮಾಧಾನವೇ ಎಂದು ಕೇಳುತ್ತೇನೆ.

"ಥ್ಯಾಂಕ್ಸ್ ಹೇಳೋಕೂ ಫೋನ್ ಮಾಡ್ಬೇಡ ಅಂತ ಸುಮಾಗೆ ಹೇಳಿದೀನಿ ಸಾರ್. ಆ ಮನೆ ನಂಬರ್ ಬಂದ್ರೆ, ಏನಾಯ್ತೋ ಅಂತ ಎತ್ತೋಕೆ ಧೈರ್ಯ ಸಾಲಲ್ಲ. ಸಂಜೆ ಸೊಪ್ಪು ತರೋ ನೆಪದಲ್ಲಿ ಆ ಬೀದೀಲೇ ಹೋಗ್ತೀನಿ. ಮೆಷಿನ್ ಸದ್ದು ರಸ್ತೆವರೆಗೂ ಕೇಳುತ್ತೆ. ಅದು ಕೇಳಿದ್ರೆ ಸಾಕು, ಒಳಗೆ ಹೋಗಲ್ಲ."