ಕೆಳದನಿಯ ಕದಿರೇಶ

ಕೋಲಾರದ ಒಂದು ಚರ್ಚಿನಲ್ಲಿ ಎರಡು ದನಿಯ ಹಾಡು ಕಲಿಸಿದ್ದರು. ಸಾವಿರ ವರ್ಷದ ಹಿಂದೆ ಯುರೋಪಿನ ಮಠಗಳಲ್ಲಿ ಬೆಳೆದ ಪದ್ಧತಿ ಅದು. ಒಬ್ಬ ಹಳೆಯ ರಾಗವನ್ನು ಉದ್ದಕ್ಕೆ ಎಳೆದು ಹಿಡಿದರೆ, ಇನ್ನೊಬ್ಬನ ದನಿ ಅದರ ಮೇಲೆ ಕುಣಿಯಬೇಕು. ಹಿಡಿಯುವವನು ಕದಿರೇಶ, ಕುಣಿಯುವವನು ಅವನ ತಮ್ಮ ನಂದೀಶ್. ಹೊಗಳಿಕೆಯೆಲ್ಲ ತಮ್ಮನಿಗೇ. "ನಿಂದೇನ್ಲಾ, ಬರೀ ಹೂಂ ಅನ್ನೋದು" ಎಂದು ಗೆಳೆಯ ಬಚ್ಚಪ್ಪ ಕಿಚಾಯಿಸುತ್ತಿದ್ದ.

ಈ ಕ್ರಿಸ್‌ಮಸ್‌ನಲ್ಲಿ "ಈಗ ನಂದೀಶ್ ಹಾಡ್ತಾರೆ" ಎಂದಷ್ಟೇ ಮೈಕಿನಲ್ಲಿ ಹೇಳಿದಾಗ ಕದಿರೇಶನ ಪಿತ್ತ ನೆತ್ತಿಗೇರಿತು. ಹಾಡಿನ ನಡುವೆ ಬೇಕೆಂದೇ ಬಾಯಿ ಮುಚ್ಚಿದ. ಆಸರೆ ತಪ್ಪಿದ ತಮ್ಮನ ದನಿ ದಿಕ್ಕೆಟ್ಟು ಒಡೆಯಿತು. ಈಗಲಾದರೂ ತನ್ನ ಬೆಲೆ ತಿಳಿದೀತೆಂದು ಕದಿರೇಶ ಬಾಗಿಲಲ್ಲಿ ಕಾದು ನಿಂತ.

"ಪಾಪ, ನಂದೀಶಂಗೆ ಗಂಟ್ಲು ಕೆಟ್ಟಿತ್ತು ಕಣೋ" ಎಂದ ಬಚ್ಚಪ್ಪ. "ನೀನು ಮಾತ್ರ ಯಾವತ್ತಿನಂಗೇ ಹಾಡ್ದೆ ಬಿಡು."