ಚಾಕಿ ಮನೆಯ ಸೋಲಾರ್ ಸಜ್ಜ

2023ನೇ ಇಸವಿ. ವಿದ್ಯುತ್ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ನಿವೃತ್ತನಾಗಿ, ಶ್ರೀರಂಗಪಟ್ಟಣದಲ್ಲಿ ಸೋಲಾರ್ ಪ್ಯಾನಲ್ ಅಳವಡಿಸಿಕೊಡುವ ಸಣ್ಣ ಉದ್ಯೋಗ ಹಿಡಿದಿದ್ದೆ. ಮನೆಯಲ್ಲಿ ಕೂತರೆ ಹೆಂಡತಿಯೊಂದಿಗೆ ಜಗಳ, ಹೊರಗೆ ಹೋದರೆ ಗಿರಾಕಿಗಳೊಂದಿಗೆ ಜಗಳ. ಎರಡನೆಯದರಲ್ಲಾದರೂ ಒಮ್ಮೊಮ್ಮೆ ಗೆಲ್ಲಬಹುದು ಎಂಬ ಆಸೆ ನನ್ನದು.

ಆ ವರ್ಷದ ಫೆಬ್ರವರಿಯಲ್ಲಿ ಬೂಕನಕೆರೆಯಿಂದ ಜಯಮ್ಮ ಎಂಬಾಕೆ ಹುಡುಕಿಕೊಂಡು ಬಂದರು. ಅವರದು ಚಾಕಿ ಮನೆ. ರೇಷ್ಮೆ ಮೊಟ್ಟೆ ಒಡೆದು ಬಂದ ಎಳೆಹುಳುಗಳನ್ನು ಕೆಲವು ದಿನ ಸಾಕಿ, ಎರಡು ಜ್ವರ ದಾಟಿಸಿ, ರೈತರಿಗೆ ಕೊಡುವ ಜಾಗಕ್ಕೆ ಚಾಕಿ ಮನೆ ಎನ್ನುತ್ತಾರೆ. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇಯುವುದು ಬಿಟ್ಟು, ತಲೆಯೆತ್ತಿ ಕೂತು, ಹಳೇ ಚರ್ಮ ಕಳಚುವ ಹೊತ್ತು. ಆ ಕೂಸುಗಳಿಗೆ ಇಪ್ಪತ್ತೇಳು, ಇಪ್ಪತ್ತೆಂಟು ಡಿಗ್ರಿಯ ತಂಪು ಬೇಕು, ಗಾಳಿಯಲ್ಲಿ ತೇವ ಬೇಕು. ಜಯಮ್ಮನ ಕಟ್ಟಡದ ಕಿಟಕಿಗಳೆಲ್ಲ ಪಡುವಣಕ್ಕೆ. ಮಧ್ಯಾಹ್ನ ತಿರುಗಿದರೆ ಬಿಸಿಲು ಓರೆಯಾಗಿ ಒಳಕ್ಕೇ ನುಗ್ಗುತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಒಂದು ಇಡೀ ಬೆಳೆಯ ಹುಳು ಸತ್ತಿದ್ದವು.

ಹಂಚಿನ ಮಾಡು ಹಳೆಯದು, ಭಾರ ತಡೆಯುವಂತಿರಲಿಲ್ಲ. ಹಾಗಾಗಿ ಪ್ಯಾನಲ್‌ಗಳನ್ನು ಪಡುವಣ ಗೋಡೆಗೇ ಕಬ್ಬಿಣದ ಚೌಕಟ್ಟು ಕೊಟ್ಟು, ಕಿಟಕಿಗಳ ಮೇಲೆ ಸಜ್ಜದಂತೆ ಹೊರಕ್ಕೆ ಬಾಗಿಸಿ ಕೂರಿಸಿದೆ. ಪಡುವಣದ ಬಿಸಿಲು ತಗ್ಗಿನಿಂದ ಬರುವುದರಿಂದ ಬಾಗು ಕೊಂಚ ಕಡಿದಾಗಿಯೇ ಇರಬೇಕು. ಗೋಡೆಗೂ ಪ್ಯಾನಲ್‌ಗೂ ನಡುವೆ ಗಾಳಿಯಾಡಲು ಜಾಗ ಬಿಡಬೇಕು. ಕಿಟಕಿಗೆ ನೆರಳು, ಒಳಗಿನ ಕೂಲರಿಗೆ ಕರೆಂಟು. ಒಂದೇ ಕೆಲಸದಲ್ಲಿ ಎರಡು ಲಾಭ ಎಂದು ನಾನು ಬೀಗಿದ್ದೇ ಬೀಗಿದ್ದು.

ಜಯಮ್ಮನ ಗಂಡ ನಿಂಗೇಗೌಡರು ಮಾತ್ರ ಕೈಕಟ್ಟಿ ನಿಂತು ನೋಡುತ್ತಿದ್ದರು.

"ಅಲ್ಲ ಸಾ, ಕಿಟ್ಕಿಗೆ ಯಾರಾದ್ರೂ ಸೋಲಾರ್ ಹಾಕ್ತಾರಾ? ಈ ಕಿತ ಹುಳ ಸತ್ರೆ ಮುಗೀತು. ಮನೆ ಖಾಲಿ ಮಾಡ್ಸಿ ಗೊಬ್ಬರದಂಗ್ಡಿಗೆ ಕೊಟ್ಬುಡ್ತೀನಿ."

"ನೀವು ಸುಮ್ಕಿರಿ, ಸಾಯಕೆ ನಾ ಬುಟ್ರಲ್ವಾ," ಎಂದರು ಜಯಮ್ಮ. ಆದರೆ ಅವರ ಮುಖ ಸಣ್ಣಗಾಗಿದ್ದನ್ನು ನಾನು ಕಂಡೆ. ಹನ್ನೆರಡು ವರ್ಷದಿಂದ ತಾವೇ ನಡೆಸಿದ ಚಾಕಿ ಮನೆ ಅದು. ಸುತ್ತಿನ ರೈತರು "ಜಯಮ್ಮನ ಹುಳ" ಎಂದೇ ಕೇಳಿ ಒಯ್ಯುತ್ತಿದ್ದರು.

ಏಪ್ರಿಲ್‌ನಲ್ಲಿ ಹೊಸ ಬೆಳೆ ಕೂತಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೇನೆ, ಜಯಮ್ಮನ ಫೋನು.

"ಸಾ, ನಿಮ್ ಸೋಲಾರು ಕೈ ಕೊಟ್ಬುಡ್ತು ಕಣ್ ಸಾ! ಬೆಳಗ್ಗಿಂದ ಲೈನ್ ಕರೆಂಟಿಲ್ಲ, ಬ್ಯಾಟ್ರಿ ಕುಯ್ಯೋ ಅಂತದೆ, ಕೂಲರ್ ನಿಂತೋಗದೆ. ಹುಳ ಎರಡ್ನೇ ಜ್ವರಕ್ಕೆ ಕೂರೋ ಹೊತ್ತು. ಬ್ಯಾಗ ಬನ್ನಿ."

ಅರ್ಧ ಊಟ ಬಿಟ್ಟೆದ್ದೆ. ಪಾಂಡವಪುರ ದಾಟಿ ಬೂಕನಕೆರೆ ಸೇರುವವರೆಗೂ ದೇವರೇ, ವೈರಿಂಗ್ ತಪ್ಪಿರದಿರಲಿ ಎಂದು ಬೇಡಿಕೊಂಡೆ. ಬೈಕು ನಿಲ್ಲಿಸಿ ತಲೆಯೆತ್ತಿದವನು ಹಾಗೇ ನಿಂತುಬಿಟ್ಟೆ. ನಾನು ಕೂರಿಸಿದ ಕಪ್ಪು ಪ್ಯಾನಲ್‌ಗಳು ಹಬ್ಬದ ಗೋಡೆಯ ಹಾಗೆ ಬೆಳ್ಳಗಿದ್ದವು.

"ಏನಮ್ಮ ಇದು? ಸೋಲಾರ್‌ಗೆ ಸುಣ್ಣ ಹೊಡೆದೋರು ಯಾರು?"

"ನಾನೇ ಕಣ್ ಸಾ. ಮೊಟ್ಟೆ ತರೋಕ್ ಮುಂಚೆ ಮನೆಗೆಲ್ಲ ಬ್ಲೀಚಿಂಗ್ ಪೌಡ್ರು, ಸುಣ್ಣ ಕಲ್ಸಿ ಹೊಡೀತೀವಲ್ಲ. ಗೋಡೆಗೆಲ್ಲ ಹೊಡ್ದು ಅದೊಂದ್ನ ಬುಡಾಕಾಯ್ತದಾ? ರೋಗ ಅಲ್ಲೇ ಕುಂತ್ಕಂಡ್ರೆ?"

ಚಾಕಿ ಮನೆಯ ಶುದ್ಧವೇ ಹಾಗೆ. ಒಂದು ಮೂಲೆ ಬಿಟ್ಟರೂ ರೋಗ ಒಳಗೆ ಬಂತೆಂದೇ ಲೆಕ್ಕ. ಗಾಜಿನ ಮೇಲೆ ಸುಣ್ಣದ ಪೊರೆ ಒಣಗಿ ಕೂತು, ಉತ್ಪಾದನೆ ತೀರಾ ಇಳಿದಿತ್ತು. ಇಷ್ಟು ದಿನ ಲೈನ್ ಕರೆಂಟು ಇದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ನನಗೆ ಕೋಪವೂ ಬಂತು, ನಗುವೂ ಬಂತು. ಅಷ್ಟರಲ್ಲಿ ನಿಂಗೇಗೌಡರು ತೊಟ್ಟಿಯಿಂದ ಒಂದು ಕೊಡ ನೀರು ತುಂಬಿ ತಂದು ಪ್ಯಾನಲ್‌ಗೆ ಎರಚಲು ಕೈಯೆತ್ತಿದರು.

"ಬೇಡಿ ಗೌಡ್ರೇ!" ಎಂದು ಕಿರುಚಿದೆ. "ಬಿಸಿಲಿಗೆ ಕಾದ ಗಾಜು. ತಣ್ಣೀರು ಬಿದ್ದರೆ ಸೀಳಿಬಿಟ್ಟೀತು. ಸಂಜೆ ತಣ್ಣಗಾಗೋವರೆಗೂ ಮುಟ್ಟೋ ಹಾಗಿಲ್ಲ."

"ಸಂಜೆಗಂಟ ಹುಳ ಇರ್ತವಾ ಸಾ?" ಜಯಮ್ಮನ ದನಿ ಒಡೆಯಿತು.

ಆಕೆ ಸೆರಗು ಬಿಗಿದು ಗಂಡನ ಕೈಯಿಂದ ಕೊಡ ಕಿತ್ತುಕೊಂಡರು. "ಗೋಣಿ ತತ್ತಾ, ನೋಡ್ತಾ ನಿಂತಿಯಲ್ಲಾ!" ಮರ್ಯಾದೆಯ ಬಹುವಚನವೆಲ್ಲ ಆ ಗಳಿಗೆಯಲ್ಲಿ ಹಾರಿಹೋಗಿತ್ತು. ಗೌಡರು ಓಡಿದರು. ಕಿಟಕಿಗಳಿಗೆ ಗೋಣಿತಾಟು ಕಟ್ಟಿ ನೀರು ಹೊಯ್ದೆವು. ಹಿಂದಿನ ವರ್ಷವೂ ಹಾಗೇ ಮಾಡಿದ್ದರಂತೆ. ನೀರು ಹೊಯ್ದು ತಿರುಗುವಷ್ಟರಲ್ಲಿ ಬಿಸಿಲಿಗೆ ಒಣಗುತ್ತಿತ್ತಂತೆ. ಈ ಸಲ ಗೋಣಿ ಪ್ಯಾನಲ್‌ಗಳ ನೆರಳಿನಲ್ಲಿತ್ತು. ಒದ್ದೆ ಹಾಗೇ ಉಳಿಯಿತು.

ಒಂದು ಚಿಟಿಕೆ ನಶ್ಯ ಏರಿಸಿಕೊಂಡು, ಥರ್ಮಾಮೀಟರ್ ನೋಡೋಣವೆಂದು ಒಳಗೆ ಕಾಲಿಡಲು ಹೋದೆ. ಜಯಮ್ಮ ಬಾಗಿಲಿಗೆ ಅಡ್ಡ ನಿಂತರು. "ನಶ್ಯ ಏರ್ಸಿರೋ ಮೂಗ್ ಇಟ್ಕಂಡು ಒಳಗೆ ಬರಂಗಿಲ್ಲ ಸಾ. ಹೊಗೆಸೊಪ್ಪು ನಮ್ಮುಳಕ್ಕೆ ವಿಷ." ಇಲಾಖೆಯ ದೊಡ್ಡ ಸಾಹೇಬರೂ ನನ್ನನ್ನು ಹಾಗೆ ಹೊರಗೆ ನಿಲ್ಲಿಸಿರಲಿಲ್ಲ. ಹೊರಗೇ ಕೂತೆ. ಆಕೆ ಕೈಕಾಲು ತೊಳೆದು ಒಳಹೋಗಿ, ಆಗಾಗ ಕೂಗಿ ಹೇಳುತ್ತಿದ್ದರು. "ಮೂವತ್ತೊಂದು." ನಾವು ಇನ್ನೊಂದು ಕೊಡ ಹೊಯ್ದೆವು. "ಮೂವತ್ತು." ಗೌಡರು ಯಾರೂ ಹೇಳದೆಯೇ ತೊಟ್ಟಿಗೂ ಕಿಟಕಿಗೂ ಓಡಾಡುತ್ತಿದ್ದರು, ಪಂಚೆಯೆಲ್ಲ ಒದ್ದೆ. ಬಹಳ ಹೊತ್ತಿನ ಮೇಲೆ ಒಳಗಿಂದ ದನಿ ಬಂತು. "ಇಪ್ಪತ್ತೆಂಟಕ್ಕೆ ನಿಂತದೆ. ಹುಳ ತಲೆಯೆತ್ಕಂಡು ಕುಂತವೆ, ಒಂದೂ ಅಲ್ಲಾಡ್ತಿಲ್ಲ!" ನನ್ನ ಕಣ್ಣು ತುಂಬಿತು, ನಶ್ಯದ ಘಾಟೆಂದು ಗೌಡರಿಗೆ ಸುಳ್ಳು ಹೇಳಿದೆ.

ಸಂಜೆ ಗಾಜು ಆರಿದ ಮೇಲೆ ಹುಣಸೆಹುಳಿ ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ ಸುಣ್ಣ ಒರೆಸಿ, ಚೆನ್ನಾಗಿ ತೊಳೆದೆವು. ಮರುದಿನ ಬಿಸಿಲು ಪಡುವಣಕ್ಕೆ ತಿರುಗಿದಂತೆ ಕೂಲರು ಸೋಲಾರ್‌ನಲ್ಲೇ ತಿರುಗಿತು. ಹುಳು ಜ್ವರದಿಂದ ಎದ್ದವು, ರೈತರು ಬಂದು ಒಯ್ದರು. ಗೊಬ್ಬರದಂಗಡಿಯ ಮಾತು ಆಮೇಲೆ ಏಳಲಿಲ್ಲ. ಈಗ ನಿಂಗೇಗೌಡರ ಮಧ್ಯಾಹ್ನದ ನಿದ್ದೆಯೂ ಅದೇ ಸಜ್ಜದ ಕೆಳಗೆ.

ಯೂನಿಟ್ಟು, ವೋಲ್ಟೇಜು ಎಂದೇ ಬದುಕಿದವನು ನಾನು. ಅಂದು ಒಂದು ಯೂನಿಟ್ ಕರೆಂಟೂ ಕೊಡದ ಪ್ಯಾನಲ್‌ಗಳು ಬರೀ ನೆರಳು ಕೊಟ್ಟು ಒಂದು ಮನೆಯ ಕಸುಬು ಉಳಿಸಿದವು. ಅಂದಿನಿಂದ ಯಾವ ಕಟ್ಟಡಕ್ಕೆ ಹೋದರೂ ಅಳತೆ ಟೇಪು ಬಿಚ್ಚುವ ಮೊದಲು ಒಂದು ಮಾತು ಕೇಳುತ್ತೇನೆ: "ವರ್ಷವಿಡೀ ಈ ಮನೆಯಲ್ಲಿ ನೀವು ಏನೇನು ಮಾಡ್ತೀರಿ, ಮೊದಲು ಹೇಳಿ."

ಬೂಕನಕೆರೆಯಿಂದ ಮಾತ್ರ ಕೇಳದೆಯೇ ವರದಿ ಬರುತ್ತದೆ. ಪ್ರತಿ ಬೆಳೆಗೂ ಮೊದಲು ಜಯಮ್ಮನ ಫೋನು: "ಸಾ, ಸೋಲಾರ್‌ಗೆ ಹಳೇ ಸೀರೆ ಉಡ್ಸಿವ್ನಿ. ಈಗ ಸುಣ್ಣ ಹೊಡೀಲಾ?"

"ಹೊಡಿಯಮ್ಮ," ಎನ್ನುತ್ತೇನೆ.